ಗೊರಸಿನ ಗುರುತಿನ ಮೇಲೆ ಜೆಸಿಬಿ ಹಲ್ಲು

ಬಳ್ಳಾರಿ ಸೀಮೆಯ ಒಂದು ಹಳ್ಳಿಯ ಹಿಂದೆ, ಜೋಳದ ಹೊಲಗಳ ನಡುವೆ ಒಂದು ಬೂದಿದಿಬ್ಬವಿದೆ. ‘ಇದೆ’ ಎನ್ನಲು ಈಗ ನಾಲಿಗೆ ಏಳುವುದಿಲ್ಲ. ಹಿಂದೆ ನೋಡಿದಾಗ ಎರಡಾಳೆತ್ತರ ಇತ್ತು. ನೆತ್ತಿಯ ಮೇಲೆ ಜಾಲಿ, ಮೈತುಂಬ ಮಳೆ ಕೊರೆದ ಗೀರು. ಈ ಸಲ ಹೋದರೆ ಒಂದು ಮಗ್ಗುಲೇ ಇಲ್ಲ. ನೆಟ್ಟಗೆ ಕಡಿದ ಗೋಡೆಯ ಮೇಲೆ ಜೆಸಿಬಿ ಬಕೆಟ್ಟಿನ ಹಲ್ಲುಗಳು ಎಳೆದ ಗೆರೆಗಳು. ಕೆಳಗೆ ಟ್ರ್ಯಾಕ್ಟರ್, ಅದರ ಟ್ರೇಲರ್ ತುಂಬ ಬೂದಿ.

“ಏನೈತ್ರಿ ಅದರಾಗ? ಬರೇ ಬೂದಿ,” ಎಂದ ಚಾಲಕ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಲೋಡಿಗೆ ಇಷ್ಟು ಎಂದು ಕೂಲಿ ಪಡೆಯುವವನಿಗೆ ಅದರಲ್ಲಿ ಏನಿದೆ ಎಂದು ಯಾರು ಹೇಳಿದ್ದಾರೆ? ಹೇಳಬೇಕಾಗಿದ್ದವರು ಸಂಬಳ ಎಣಿಸಿಕೊಂಡು ಸುಮ್ಮನಿದ್ದಾರೆ. ನನ್ನ ಸಿಟ್ಟೆಲ್ಲ ಅವರ ಮೇಲೆ.

ಅದರಲ್ಲಿ ಇರುವುದು ಈ ನೆಲದ ಮೊದಲ ದನಗಾಹಿಗಳ ಬದುಕು. ಕ್ರಿ.ಪೂ. ಮೂರನೇ ಸಹಸ್ರಮಾನದಲ್ಲಿ, ಕಬ್ಬಿಣದ ಸುಳಿವೇ ಇಲ್ಲದ ಕಾಲದಲ್ಲಿ, ಕಲ್ಲಿನ ಕೊಡಲಿ ಹಿಡಿದ ಜನ ಇಲ್ಲಿ ದನ ಕೂಡಿಹಾಕುತ್ತಿದ್ದರು. ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಬೆಂಕಿ ಇಡುತ್ತಿದ್ದರು. ಮತ್ತೆ ಸಗಣಿ, ಮತ್ತೆ ಬೆಂಕಿ. ಹಾಗೆ ತಲೆಮಾರುಗಟ್ಟಲೆ ಪದರದ ಮೇಲೆ ಪದರ ಕೂತು ದಿಬ್ಬ ಎದ್ದಿತು. ಕೆಲವು ಪದರಗಳು ಎಷ್ಟು ಕಾದಿದ್ದವೆಂದರೆ, ಬೂದಿ ಕರಗಿ ಕಮ್ಮಾರನ ಕುಲುಮೆಯ ಕಿಟ್ಟದ ಹಾಗೆ ಗಾಜುಗಟ್ಟಿದೆ. ಅದನ್ನು ನೋಡಿ ಹತ್ತೊಂಬತ್ತನೇ ಶತಮಾನದ ಕೆಲವು ಬಿಳಿಯರು ಜ್ವಾಲಾಮುಖಿಯ ಕೆಲಸವಿರಬೇಕು ಎಂದುಕೊಂಡರು. ಸಗಣಿಯ ಬೂದಿ ಎಂದು ಹೇಳಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತನೂರಿನ ದಿಬ್ಬವನ್ನು ಅಗೆದಾಗ ದೊಡ್ಡಿಯ ಗೂಟ ನೆಟ್ಟ ಕುಳಿಗಳ ಸಾಲು ಕಂಡಿತು. ಜೊತೆಗೆ ದನಗಳ ಗೊರಸಿನ ಗುರುತು! ಯಾವುದೋ ಸಂಜೆ ದೊಡ್ಡಿಗೆ ಹೊಕ್ಕ ಆಕಳು ಊರಿದ ಹೆಜ್ಜೆ ನಾಲ್ಕು ಸಾವಿರ ವರ್ಷ ಬೂದಿಯ ಮಡಿಲಲ್ಲಿ ಅಳಿಯದೆ ಉಳಿದಿತ್ತು. ಆ ಟ್ರೇಲರಿನಲ್ಲಿ ಅಂಥ ಎಷ್ಟು ಹೆಜ್ಜೆಗಳು ಪುಡಿಯಾಗಿ ಹೋದವು, ಇನ್ನು ಯಾರೂ ಹೇಳಲಾರರು.

ಓದು ಬಾರದ ನಮ್ಮ ಹಿರಿಯರು ಈ ದಿಬ್ಬಗಳನ್ನು ಕಂಡು ಸುಮ್ಮನೆ ದಾಟಿ ಹೋಗಲಿಲ್ಲ. ಕುಡತಿನಿಯದು ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂದರು. ಹಂಪಿಯ ಬಳಿ ನಿಂಬಾಪುರದ್ದು ವಾಲಿಯನ್ನು ಸುಟ್ಟ ಜಾಗ ಎಂದರು. ಇತಿಹಾಸ ಗೊತ್ತಿಲ್ಲದಿದ್ದರೂ ಇದು ಸಾಮಾನ್ಯ ಮಣ್ಣಲ್ಲ ಎಂಬ ಅರಿವು ಅವರಿಗಿತ್ತು. ಈಗ ಪುಸ್ತಕಗಳಿವೆ, ಇಲಾಖೆಗಳಿವೆ, ಉಪಗ್ರಹದ ನಕ್ಷೆಯಿದೆ. ದಿಬ್ಬ ಮಾತ್ರ ಹೊಲದ ಗೊಬ್ಬರಕ್ಕೂ ಇಟ್ಟಿಗೆ ಭಟ್ಟಿಗೂ ಹೋಗುತ್ತಿದೆ.

ಫೋಟೊ ಹಿಡಿದು ಒಂದು ಕಚೇರಿಗೆ ಹೋದೆ. ಮೇಜಿನ ಹಿಂದಿದ್ದವರು ಫೋಟೊ ಪೂರ್ತಿ ನೋಡಲೂ ಇಲ್ಲ. “ಪಟ್ಟಾ ಜಮೀನು, ನಮ್ಮ ಪಟ್ಟಿಯಲ್ಲಿಲ್ಲ” ಎಂದರು. ಪಟ್ಟಿಗೆ ಸೇರಿಸಬೇಕಾದವರು ಯಾರು? ಸ್ಮಾರಕ, ಪ್ರಾಚೀನ ನೆಲೆಗಳನ್ನು ಸಂರಕ್ಷಿತವೆಂದು ಘೋಷಿಸುವ ಅಧಿಕಾರವನ್ನು 1961ರ ಕಾಯ್ದೆಯೇ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಅರವತ್ತು ವರ್ಷ ದಾಟಿದರೂ ಇಂಥ ದಿಬ್ಬದ ಹೆಸರು ಪಹಣಿಯ ಒಂದು ಕಲಮಿನಲ್ಲೂ ಇಲ್ಲವೆಂದರೆ ಅದಕ್ಕೆ ಹೊಣೆ ಟ್ರ್ಯಾಕ್ಟರಿನವನೇ?

ಕಾರಣ ನನಗೆ ಗೊತ್ತು, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ದಿಬ್ಬಕ್ಕೆ ಅರಸನ ಹೆಸರಿಲ್ಲ. ಶಾಸನವಿಲ್ಲ, ಗೋಪುರವಿಲ್ಲ, ಟಿಕೆಟ್ ಕೌಂಟರಿಲ್ಲ. ಕಟ್ಟಿದವರು ಸಗಣಿ ಬಾಚಿದ ಕೈಗಳು. ಸಿಂಹಾಸನದಲ್ಲಿ ಕೂತವರ ಕಲ್ಲಿಗೆ ಬೇಲಿ, ಕಾವಲು, ವಿದ್ಯುದ್ದೀಪ. ದನ ಕಾಯ್ದವರ ಬೂದಿಗೆ ಜೆಸಿಬಿ. ಇತಿಹಾಸದಲ್ಲೂ ಮೇಲು ಕೀಳು ಮಾಡಿದ್ದೇವೆ. ಇದೇ ಜನ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಲ್ಲಿನ ಕೊಡಲಿಗಳನ್ನು ಮಾಡಿದರು, ಬಂಡೆಗಳ ಮೇಲೆ ಕೊಂಬಿನ ಗೂಳಿಗಳನ್ನು ಕುಟ್ಟಿ ಬಿಡಿಸಿದರು. ಬಡಿದರೆ ಗಂಟೆಯ ಹಾಗೆ ದನಿಗೊಡುವ ಬಂಡೆಗಳೂ ಅಲ್ಲಿವೆ. ಆ ಗುಡ್ಡಕ್ಕೂ ಕಲ್ಲು ಕ್ವಾರಿ ಬಾಯಿ ಹಾಕಿತು. ಗುಡಿಯ ಒಂದು ಕಂಬ ಮುರಿದರೆ ಊರು ಹೊತ್ತಿ ಉರಿಯುವ ನಾಡಿನಲ್ಲಿ ಇದಕ್ಕೆ ಒಂದು ಮೆರವಣಿಗೆಯೂ ಹೊರಡಲಿಲ್ಲ.

ಗುಡಿ ಮುರಿದರೆ ಮತ್ತೆ ಕಟ್ಟಬಹುದು ಎಂದು ನಾನು ಹೇಳುವುದಿಲ್ಲ, ಅದೂ ನಷ್ಟವೇ. ಆದರೆ ಬೂದಿದಿಬ್ಬದ ಮಾತೆಲ್ಲ ಇರುವುದು ಪದರಗಳ ಕ್ರಮದಲ್ಲಿ. ಯಾವುದರ ಮೇಲೆ ಯಾವುದು, ಎಲ್ಲಿ ಎಲುಬು, ಎಲ್ಲಿ ಮಡಕೆ ಚೂರು. ಪುರಾತತ್ವಜ್ಞ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಕೂತು ಅಗೆದು, ದಿಬ್ಬದ ಪಕ್ಕದಲ್ಲೇ ಜನ ವಾಸವಿದ್ದರೆಂದು ತೋರಿಸಿದ್ದು ಹೀಗೆ ಪದರ ಪದರ ಬಿಡಿಸಿಯೇ. ಬಕೆಟ್ಟು ಒಮ್ಮೆ ಕಲಸಿದರೆ ಉಳಿಯುವುದು ನಿಜಕ್ಕೂ ಬರೇ ಬೂದಿ.

ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಉಳಿದ ದಿಬ್ಬಗಳ ಅಳತೆ ಮಾಡಿಸಿ, ಪಹಣಿಯಲ್ಲಿ ಬರೆಸಿ, ಸುತ್ತ ಕಲ್ಲು ನೆಡಿಸಿ. ಜಮೀನು ಕಳೆದುಕೊಳ್ಳುವ ರೈತನಿಗೆ ನ್ಯಾಯವಾದ ಪರಿಹಾರ ಕೊಡಿ, ಅವನನ್ನು ಕಳ್ಳನಂತೆ ಕಾಣಬೇಡಿ. ಮುಂಗಾರಿಗೆ ಮುಂಚೆಯೇ ಈ ಕೆಲಸ ಆಗಬೇಕು. ಹೊಲಕ್ಕೆ ಗೊಬ್ಬರ ಹೊಡೆಯುವ ಕಾಲ ಅದು. ಟ್ರೇಲರುಗಳು ಮತ್ತೆ ದಿಬ್ಬದ ಬುಡಕ್ಕೆ ಬಂದು ನಿಲ್ಲುತ್ತವೆ.