ಕಾಫಿ ಚರಟದ ವಿಡಿಯೊ ನೋಡಿ ಮೆಣಸಿನ ಸಸಿ ಕೊಂದೆ

ನಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಬಂದಿತ್ತು. ಹೆಣ್ಣುಮಗಳೊಬ್ಬಳು ಫಿಲ್ಟರ್ ಬಿಚ್ಚಿ, ಕಾಫಿ ಚರಟವನ್ನು ಚಮಚದಲ್ಲಿ ತೆಗೆದು ಗುಲಾಬಿ ಬುಡಕ್ಕೆ ಹಾಕುತ್ತಾಳೆ. ಮುಂದಿನ ದೃಶ್ಯದಲ್ಲಿ ಗಿಡದ ತುಂಬ ಹೂ. ಅವ್ವ ಅದನ್ನು ಎರಡು ಸಲ ನೋಡಿದಳು. "ಚಲೋ ಐತಿ, ಆದ್ರ ನಮ್ಮನ್ಯಾಗ ಕಾಫಿ ಎಲ್ಲೈತಪ್ಪಾ" ಅಂದಳು.

ಅವ್ವನ ಮಾತು ನಮ್ಮ ಐದೂ ತಾಲ್ಲೂಕಿಗೆ ಹೊಂದುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿ ಬಸ್ ಇಳಿದರೂ ಸಿಗುವುದು ಮಂಡಕ್ಕಿ, ಮಿರ್ಚಿ, ಚಾ. ಕಾಫಿ ಕೇಳಿದರೆ ಬಿಸಿ ಹಾಲಿಗೆ ಪ್ಯಾಕೆಟ್ ಪುಡಿ ಹಾಕಿ ಕೊಡುತ್ತಾರೆ. ಆ ಪುಡಿ ಪೂರ್ತಿ ಕರಗಿಬಿಡುತ್ತದೆ, ಚರಟ ಉಳಿಯುವುದೇ ಇಲ್ಲ. ಫಿಲ್ಟರ್ ಇಟ್ಟುಕೊಂಡ ಮನೆ ಊರಿಗೆ ನಾಲ್ಕು ಸಿಕ್ಕರೆ ಹೆಚ್ಚು.

ಚರಟ ಅಂದರೆ ಚರಟ, ಕಾಫಿಯದಾದರೇನು ಚಾದಾದರೇನು ಅಂದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಿಂದ ಒಂದು ಬಕೆಟ್ ಚಾ ಚರಟ ತಂದೆ. ಹಾಲು, ಸಕ್ಕರೆ, ಶುಂಠಿ ಎಲ್ಲ ಅದರಲ್ಲೇ ಇತ್ತು. ಅವ್ವನ ಮಲ್ಲಿಗೆ ಕುಂಡಕ್ಕೆ ಒಂದಿಷ್ಟು, ಆಗಷ್ಟೇ ಮೊಳೆತಿದ್ದ ಮೆಣಸಿನ ಸಸಿಗೆ ಒಂದಿಷ್ಟು ಹಾಕಿದೆ. ಮೂರನೇ ದಿನಕ್ಕೆ ಇರುವೆ ಸಾಲು. ಆಮೇಲೆ ಬಿಳಿ ಬೂಷ್ಟು, ಹುಳಿ ವಾಸನೆ. ಮೆಣಸಿನ ಸಸಿ ಒಂದೂ ಉಳಿಯಲಿಲ್ಲ. ಮಲ್ಲಿಗೆ ಹೇಗೋ ಬದುಕಿತು. ಅವ್ವ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ತಪ್ಪು ಎಲ್ಲಿ ಆಯಿತು ಎಂದು ಹೇಳಿದವಳು ಪಕ್ಕದ ತಾಂಡಾದ ಒಬ್ಬ ಅಕ್ಕ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ನಮ್ಮ ರಾಜ್ಯದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಆ ಹಣ್ಣು ಕೊಯ್ಯಲು ಸುಗ್ಗಿ ಮುಗಿಸಿ, ಮನೆಗೆ ಬೀಗ ಹಾಕಿ, ಮಕ್ಕಳನ್ನು ಮುದುಕರ ಹತ್ತಿರ ಬಿಟ್ಟು ಹೋಗುವವರಲ್ಲಿ ನಮ್ಮ ಕಡೆಯ ತಾಂಡಾದವರೂ ಇದ್ದಾರೆ. ಕಾಫಿ ಕೊಯ್ಯುವವರು ನಮ್ಮವರು, ಅವರು ಕುಡಿಯುವುದು ಮಾತ್ರ ಚಾ.

ನನ್ನ ಕುಂಡ ನೋಡಿ ಅಕ್ಕ ನಕ್ಕಳು. "ತಮ್ಮಾ, ತೋಟದಾಗ ಹಣ್ಣಿನ ಸಿಪ್ಪಿ ಗುಡ್ಡದಂಗ ಬೀಳ್ತೈತಿ. ಸಾಹುಕಾರ್ರು ಅದನ್ನ ಹಸೀದೇ ಗಿಡಕ್ಕ ಹಾಕ್ತಾರೇನು? ರಾಶಿ ಹಾಕಿ, ಸಗಣಿ ನೀರು ಹೊಡದು, ತಿಂಗಳಗಟ್ಲೆ ಕೊಳಸ್ತಾರ. ಗೊಬ್ಬರ ಆದಮ್ಯಾಲೆ ಹಾಕ್ತಾರ."

ಒಂದು ನಿಮಿಷದ ವಿಡಿಯೊ ಹೇಳದ್ದು ಇದೇ. ಚರಟ ಹೋಗಬೇಕಾದ್ದು ಗಿಡದ ಬುಡಕ್ಕಲ್ಲ, ತಿಪ್ಪೆಗೆ.

ಹಾಲು ಸಕ್ಕರೆ ಬೆರೆತ ಚಾ ಚರಟವನ್ನು ಎರಡು ನೀರಿನಲ್ಲಿ ತೊಳೆಯಿರಿ, ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಿ. ಫಿಲ್ಟರ್ ಕಾಫಿಯ ಚರಟಕ್ಕೆ ತೊಳೆಯುವ ಕೆಲಸವಿಲ್ಲ, ಚಿಕೋರಿ ಬೆರೆತಿದ್ದರೂ ನಡೆಯುತ್ತದೆ. ತಿಪ್ಪೆಯಲ್ಲಿ ಚರಟ ಐದನೇ ಒಂದು ಪಾಲು ಮೀರದಿರಲಿ. ಉಳಿದದ್ದು ಒಣ ಎಲೆ, ಶೇಂಗಾ ಹೊಟ್ಟು, ಕತ್ತರಿಸಿದ ಮೆಕ್ಕೆಜೋಳದ ದಂಟು, ಸಗಣಿ. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆ ಬರುತ್ತದೆ, ಆಗ ಬಳಸಿ. ಅಷ್ಟು ಕಾಯಲು ಆಗದು ಅನ್ನುವವರು ದೊಡ್ಡ ಗಿಡಗಳಿಗೆ ಮಾತ್ರ, ಒಣಗಿದ ಚರಟವನ್ನು ಒಂದು ಹಿಡಿ ಮಣ್ಣಲ್ಲಿ ಕಲಸಿ ಹಾಕಬಹುದು. ಮೇಲೆ ದಪ್ಪಗೆ ಹರಡಿದರೆ ಹೆಪ್ಪುಗಟ್ಟಿ ನೀರೇ ಇಳಿಯುವುದಿಲ್ಲ. ಎಳೆ ಸಸಿಗಂತೂ ಬೇಡ, ಚರಟದಲ್ಲಿ ಉಳಿದ ಕೆಫೀನ್ ಬೆಳವಣಿಗೆ ತಡೆಯುತ್ತದೆ. ಕೆಫೀನ್ ನಾಯಿಗೂ ವಿಷ, ಮನೆಯಲ್ಲಿ ನಾಯಿ ಇದ್ದರೆ ಚರಟ ಅದರ ಬಾಯಿಗೆ ಸಿಗದಂತೆ ಇಡಿ.

ಚರಟ ಹುಳಿ, ಅದು ಸವಳು ಮಣ್ಣನ್ನು ಸರಿಮಾಡುತ್ತದೆ ಎಂಬ ಮಾತೂ ಓಡಾಡುತ್ತಿದೆ. ಕಾಫಿಯ ಹುಳಿಯೆಲ್ಲ ಡಿಕಾಕ್ಷನ್ ಜೊತೆ ಲೋಟಕ್ಕೆ ಹೋಗಿರುತ್ತದೆ. ಉಳಿದ ಚರಟ ಹೆಚ್ಚು ಕಡಿಮೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದನ್ನು ನಂಬಿ ಸವಳು ಹೊಲಕ್ಕೆ ಖರ್ಚು ಮಾಡಬೇಡಿ.

ಯೂರಿಯಾ ಬೇಡ, ಚರಟ ಸಾಕು ಅನ್ನುವವರಿಗೆ ಒಂದು ಲೆಕ್ಕ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸಾರಜನಕ ಶೇ 46, ಅಂದರೆ ಸುಮಾರು 20 ಕೆ.ಜಿ. ಒಣ ಕಾಫಿ ಚರಟದಲ್ಲಿ ಇರುವುದು ಶೇ 2ರ ಆಸುಪಾಸು. ಒಂದು ಚೀಲಕ್ಕೆ ಸಮ ಮಾಡಲು ಒಂದು ಟನ್ ಒಣ ಚರಟ ಬೇಕು. ಹಡಗಲಿಯ ಮಲ್ಲಿಗೆ ತೋಟಕ್ಕೆ ಇದು ಉಪಾಯವಲ್ಲ. ಹಿತ್ತಲಿಗೆ, ಕುಂಡಕ್ಕೆ ಸರಿ.

ಹಾಗಾದರೆ ಇದಕ್ಕೆ ಇಷ್ಟೊಂದು ಬರೆಯಬೇಕಾ? ಬೇಕು ಅನಿಸಿತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ತಿಪ್ಪೆಗಳು ಸಣ್ಣವಾಗಿವೆ. ಮೆಕ್ಕೆಜೋಳದ ದಂಟಿಗೆ ಬೆಂಕಿ ಇಡುತ್ತೇವೆ. ಇತ್ತ ನಾನು ನೋಡಿದ ಒಂದೇ ಹೋಟೆಲಿನಲ್ಲಿ ದಿನಕ್ಕೊಂದು ಬಕೆಟ್ ಚರಟ ಚರಂಡಿಗೆ ಬೀಳುತ್ತದೆ. ಬೀದಿಯಲ್ಲಿ ಇಂಥ ಹೋಟೆಲ್ ಎಷ್ಟಿವೆ ಎಣಿಸಿಕೊಳ್ಳಿ. ಚರಂಡಿ ಕಟ್ಟಿಕೊಂಡಾಗ ಅದಕ್ಕೆ ಕೈ ಹಾಕುವವರು ಪೌರಕಾರ್ಮಿಕರು, ಚಾ ಕುಡಿದ ನಾವಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂದು 2016ರ ನಿಯಮದಲ್ಲೇ ಹೇಳಲಾಗಿತ್ತು. ಪುರಸಭೆ, ಪಟ್ಟಣ ಪಂಚಾಯಿತಿಯವರು ಚಾ ಹೋಟೆಲಿಗೆ ಒಂದೊಂದು ಮುಚ್ಚಳದ ಬಕೆಟ್ ಕೊಟ್ಟು, ಬೇಕಾದ ರೈತರು ಬೆಳಗ್ಗೆ ಒಯ್ಯಬಹುದು ಎಂದು ಹೇಳಿದರೆ ಸಾಕು. ಇದಕ್ಕೆ ಟೆಂಡರ್ ಬೇಕಿಲ್ಲ. ಬೇಕಿಲ್ಲದ್ದಕ್ಕೇ ಯಾರೂ ಮಾಡುತ್ತಿಲ್ಲವೇನೋ.

ಅಂದಹಾಗೆ, ಒಣ ಕಾಫಿ ಚರಟ ಜಿಡ್ಡು ಹಿಡಿದ ಕಡಾಯಿ ಉಜ್ಜಲು, ಬೆಳ್ಳುಳ್ಳಿ ಬಿಡಿಸಿದ ಕೈಯ ವಾಸನೆ ಕಳೆಯಲು ಚೆನ್ನಾಗಿದೆ. ಉಜ್ಜಿದ್ದನ್ನು ಸಿಂಕಿನ ಪೈಪಿಗೆ ಬಿಡಬೇಡಿ, ಅಲ್ಲೂ ಕಟ್ಟಿಕೊಳ್ಳುತ್ತದೆ.

ಈಗ ವಾರಕ್ಕೆರಡು ಸಲ ಅದೇ ಹೋಟೆಲಿಗೆ ಹೋಗಿ ಚರಟ ತರುತ್ತೇನೆ. ತಾಂಡಾದ ಅಕ್ಕ ಹೇಳಿದಂತೆ ಹಿತ್ತಲಲ್ಲಿ ರಾಶಿ ಹಾಕಿದ್ದೇನೆ. ಹೋಟೆಲಿನವರದ್ದು ಒಂದೇ ಷರತ್ತು: "ಬಕೆಟ್ ತೊಳದು ತರಬೇಕು ನೋಡ್ರಿ." ಅವ್ವ ಹೊಸದಾಗಿ ಮೆಣಸಿನ ಬೀಜ ಹಾಕಿದ್ದಾಳೆ. ಆ ಕುಂಡ ಮುಟ್ಟಬೇಡ ಎಂದು ನನಗೆ ಹೇಳಿದ್ದಾಳೆ.