ಅಜ್ಜಿಯ ಹೆಬ್ಬೆಟ್ಟು



ಈ ತಿಂಗಳ ಗೋಡೆ ಪತ್ರಿಕೆಗೆ ‘ಕಂಪ್ಯೂಟರ್ ಯುಗ’ ಎಂಬ ವಿಷಯ ಕೊಟ್ಟಿದ್ದಾರೆ. ಮೊಬೈಲು ಕಂಪ್ಯೂಟರಿನಿಂದ ಲೋಕವೇ ಅಂಗೈಗೆ ಬಂದಿದೆ ಅಂತ ಭಾಷಣ ಸ್ಪರ್ಧೆಯಲ್ಲಿ ನಾವೆಲ್ಲ ಹೇಳಿದ್ದೇವೆ. ನಾನೂ ಹೇಳಿ ಎರಡನೇ ಬಹುಮಾನ ತಗೊಂಡಿದ್ದೇನೆ. ಆದರೆ ಅಂಗೈಗೆ ಬಂದ ಆ ಲೋಕಕ್ಕೆ ನಮ್ಮ ಅಜ್ಜಿಯ ಹೆಬ್ಬೆರಳು ಮಾತ್ರ ಕಾಣಿಸುತ್ತಿಲ್ಲ. ಅದನ್ನೇ ಬರೆಯುತ್ತೇನೆ.

ಅಜ್ಜಿ ಅಂದರೆ ಅಮ್ಮನ ತಾಯಿ. ಇದೇ ಊರಿನ ಹಳೇ ಮನೆಯಲ್ಲಿ ಒಬ್ಬರೇ ಇದ್ದಾರೆ. ನಮ್ಮನೆಗೇ ಬಂದುಬಿಡಿ ಅಂದರೆ "ಮಗಳ ಮನೇಲಿ ಎಷ್ಟು ದಿನ ಅಂತ ಇರಾದು" ಅಂತಾರೆ. ರೇಷನ್ ಕಾರ್ಡಿನಲ್ಲಿ ಅವರದೊಂದೇ ಹೆಸರು. ಹೋದ ತಿಂಗಳು ಸೊಸೈಟಿಯಲ್ಲಿ ಅಕ್ಕಿ ಕೊಡಲು ಶುರು ಮಾಡಿದ ದಿನವೇ ಚೀಲ ಹಿಡಿದು ಹೋದರು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರು, ಬರಲಿಲ್ಲ. ಸೆರಗಿಗೆ ಒರೆಸಿ ಇಟ್ಟರು, ಬರಲಿಲ್ಲ. ಎಣ್ಣೆ ಹಚ್ಚಿದ ತಲೆಗೂದಲಿಗೆ ಉಜ್ಜಿ ಇಟ್ಟರು, ಹತ್ತು ಬೆರಳನ್ನೂ ಒಂದಾದ ಮೇಲೊಂದು ಇಟ್ಟರು. ಐವತ್ತು ವರ್ಷ ಕಳೆ ಕಿತ್ತು, ರಾಗಿ ಕುಯ್ದು, ಪಾತ್ರೆ ಉಜ್ಜಿದ ಕೈ. ಗೆರೆ ಎಲ್ಲಿ ಉಳಿದಿರುತ್ತೆ?

ಎರಡನೇ ಸಲ ಹೋದಾಗ ಸರ್ವರ್ ಇರಲಿಲ್ಲ. ಮನೆಗೆ ಬಂದು ಅಜ್ಜಿ ನನ್ನ ಕೇಳಿದರು, "ಮಗಾ, ಆ ಸರ್ವರಪ್ಪ ಯಾವೂರೋನು? ಯಾವಾಗ ಹೋದ್ರೂ ಇರಲ್ವಲ್ಲ." ನನಗೆ ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯಿತು.

ಮೂರನೇ ಸಲ ಶಾಲೆಗೆ ರಜೆ ಹಾಕಿ ನಾನೂ ಹೋದೆ. ಫೋನಿಗೆ ಓಟಿಪಿ ಬಂದರೆ ಅದರ ಮೇಲೆ ಕೊಡಬಹುದು ಅಂದರು. ಆಧಾರಿಗೆ ಕೊಟ್ಟಿರೋದು ಮಾವನ ನಂಬರು. ಮಾವ ಬೆಂಗಳೂರಿನಲ್ಲಿ ಕಾರ್ಖಾನೆ ಕೆಲಸದಲ್ಲಿದ್ದಾರೆ, ಒಳಗೆ ಹೋಗುವಾಗ ಫೋನನ್ನು ಹೊರಗೇ ಇಟ್ಟು ಹೋಗಬೇಕು. ಸಂಜೆ ಮಾವ ಫೋನು ನೋಡಿ ನಂಬರು ಹೇಳುವ ಹೊತ್ತಿಗೆ ಅದರ ಅವಧಿ ಮುಗಿದಿತ್ತು, ಸೊಸೈಟಿ ಬಾಗಿಲೂ ಹಾಕಿತ್ತು. ಹೀಗೇ ತಿಂಗಳು ಮುಗಿಯಿತು. ಆ ತಿಂಗಳ ಅಕ್ಕಿ ಹೋಯಿತು. ಕೊಡುವ ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವರು ಅಜ್ಜಿಯನ್ನು ಚಿಕ್ಕಂದಿನಿಂದ ಬಲ್ಲವರು, ಅತ್ತೆ ಅಂತಲೇ ಕರೆಯೋರು. "ನೀವು ಯಾರು ಅಂತ ನಂಗೆ ಗೊತ್ತು ಕಣತ್ತೆ, ಮಿಷನ್‌ಗೆ ಗೊತ್ತಾಗ್ಬೇಕಲ್ಲ" ಅಂದರು. ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಇನ್ನೊಂದು ವಿಷಯ ಹೇಳಬೇಕು. 1990ರ ದಶಕದಲ್ಲಿ ನಮ್ಮೂರಿಗೆ ಸಾಕ್ಷರತಾ ಆಂದೋಲನ ಬಂದಿತ್ತಂತೆ. ಅಜ್ಜಿ ಹಗಲೆಲ್ಲ ಕೂಲಿ ಮಾಡಿ, ರಾತ್ರಿ ಲಾಟೀನು ಬೆಳಕಿನಲ್ಲಿ ಇದೇ ಶಾಲೆಯ ಜಗಲಿಯ ಮೇಲೆ ಕೂತು ಹೆಸರು ಬರೆಯಲು ಕಲಿತರು. ಕಲಿತ ಮೇಲೆ ಎಲ್ಲಿ ಹೋದರೂ ಇಂಕಿನ ಡಬ್ಬಿ ಮುಂದಕ್ಕೆ ತಳ್ಳಿದರೆ "ಪೆನ್ನು ಕೊಡಿ ಸ್ವಾಮಿ" ಅಂತಿದ್ದರಂತೆ. ಹೆಬ್ಬೆಟ್ಟು ಅಂದರೆ ಓದು ಬಾರದವರು ಅಂತ ಅರ್ಥ ಆಗ. ಈಗ ಓದಿದವರು, ಓದದವರು, ಹಾಜರಿ ಹಾಕುವ ಸಾಹೇಬರು ಎಲ್ಲರೂ ಹೆಬ್ಬೆಟ್ಟೇ. ಕಷ್ಟಪಟ್ಟು ಕಲಿತ ಸಹಿಯನ್ನು ಯಾರೂ ಕೇಳುವುದಿಲ್ಲ, ಇಲ್ಲದ ಗೆರೆಯನ್ನು ಕೇಳುತ್ತಾರೆ.

ಹಾಗಂತ ನಾನು ಯಂತ್ರವೇ ಬೇಡ ಅನ್ನುವವಳಲ್ಲ. ತಾತ ಹೇಳುತ್ತಾರೆ, ಮುಂಚೆ ಒಂದು ಪಹಣಿ ಬೇಕು ಅಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ವಾರಗಟ್ಟಲೆ ತಿರುಗಬೇಕಿತ್ತು, ಕೈ ಬೆಚ್ಚಗೆ ಮಾಡಬೇಕಿತ್ತು. 2000ನೇ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಏರಿದ ಮೇಲೆ ತಾಲ್ಲೂಕು ಕಚೇರಿಯಲ್ಲಿ ದುಡ್ಡು ಕಟ್ಟಿದರೆ ಕೈಗೆ ಬರುವಂತಾಯಿತು. ಡೈರಿಯಲ್ಲೂ ಅಷ್ಟೆ. ಹಾಲಿನ ಜಿಡ್ಡನ್ನು ಯಂತ್ರ ಅಳೆದು ಚೀಟಿ ಕೊಡುತ್ತೆ, ಯಾರೂ ಕಡಿಮೆ ಬರೆಯೋಕಾಗಲ್ಲ. ಬಟವಾಡೆ ದುಡ್ಡು ಅಮ್ಮನ ಖಾತೆಗೇ ಬರುತ್ತೆ. ಅಪ್ಪ ಈಗ ಅಮ್ಮನ ಹತ್ತಿರ ಕೇಳಿ ತಗೋಬೇಕು! (ಇದನ್ನು ಅಪ್ಪ ಓದುವುದಿಲ್ಲ ಅಂತ ಧೈರ್ಯದಿಂದ ಬರೆದಿದ್ದೇನೆ.)

ಆದರೆ ಬಟವಾಡೆ ದಿನ ಡೈರಿ ಮುಂದೆ ಹೆಂಗಸರೆಲ್ಲ ಸೇರುತ್ತಿದ್ದದ್ದು ನಿಂತುಹೋಯಿತು. ಯಾರ ಮನೆ ಹಸು ಕರು ಹಾಕಿತು, ಯಾರ ಮಗಳಿಗೆ ಗಂಡು ಬಂತು, ಎಲ್ಲ ಅಲ್ಲೇ ತಿಳಿಯುತ್ತಿತ್ತು ಅಂತ ಅಮ್ಮ ಹೇಳುತ್ತಾರೆ. ಈಗ ಸಾವಿನ ಸುದ್ದಿಯೂ ವಾಟ್ಸಾಪಿನಲ್ಲಿ ಬರುತ್ತದೆ. ಅಜ್ಜಿಗೆ ವಾಟ್ಸಾಪ್ ಇಲ್ಲ. ಅವರ ಜೊತೆ ನಾಟಿ ಹಾಕುತ್ತಿದ್ದ ಗೆಳತಿ ಪಕ್ಕದೂರಿನಲ್ಲಿ ತೀರಿಕೊಂಡಿದ್ದು ಅಜ್ಜಿಗೆ ಮೂರು ದಿನ ಆದಮೇಲೆ ಗೊತ್ತಾಯಿತು. ಎಲ್ಲರೂ ಗ್ರೂಪಿನಲ್ಲಿ ನೋಡಿದ್ದರು, ಹಾಗಾಗಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು ಕೇಳಿ ಆಶ್ಚರ್ಯವಾಯಿತು. ಮೊದಲ ಆಧಾರ್ ಕೊಟ್ಟಿದ್ದೇ ಒಂದು ಹಳ್ಳಿಯಲ್ಲಂತೆ, ಮಹಾರಾಷ್ಟ್ರದ ತೆಂಭ್ಲಿಯಲ್ಲಿ, 2010ರ ಸೆಪ್ಟೆಂಬರಿನಲ್ಲಿ. ಬೆರಳು ಹೊಂದಲಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ರೇಷನ್ ನಿಲ್ಲಿಸಬಾರದು ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. 2018ರಲ್ಲಿ ಆಧಾರ್ ತೀರ್ಪು ಕೊಟ್ಟಾಗ ಸುಪ್ರೀಂ ಕೋರ್ಟೂ ಈ ವಿಷಯ ಎತ್ತಿದೆ. ಅಂದರೆ ಅಜ್ಜಿಗೆ ಅಕ್ಕಿ ಕೊಡಬಾರದು ಅಂತ ಯಾರೂ ಹೇಳಿಲ್ಲ. ಯಾರೂ ಹೇಳದಿದ್ದರೂ ಚೀಲ ಖಾಲಿ ಬಂತು.

ನನ್ನ ಅಭಿಪ್ರಾಯ ಇಷ್ಟು. ಯಂತ್ರ ಇರಲಿ, ಅದರ ಪಕ್ಕದಲ್ಲಿ ಒಂದು ಪುಸ್ತಕವೂ ಇರಲಿ. ಬೆರಳು ಬಾರದವರ ಹೆಸರು ಬರೆದು, ಊರಿನ ಇಬ್ಬರು ಸಾಕ್ಷಿ ಹಾಕಿ ಅವತ್ತೇ ಕೊಡಲಿ. ಸುಳ್ಳು ಹೆಸರು ಬರೆದಾರು ಅಂತ ಕೆಲವರು ವಾದ ಮಾಡಬಹುದು. ಬರೆದರೆ ಹಿಡಿಯಲಿ. ಕಳ್ಳನಿಗೆ ಹಾಕಿದ ಬೀಗದಲ್ಲಿ ಮನೆಯವರೇ ಹೊರಗೆ ನಿಲ್ಲುವಂತಾದರೆ ಅದು ಎಂಥ ಬೀಗ?

ಮಕ್ಕಳ ಗ್ರಾಮಸಭೆ ಬಂದಾಗ ನಾವು ಪ್ರತಿ ಸಲ ಆಟದ ಮೈದಾನ, ಶೌಚಾಲಯದ ನೀರು ಕೇಳುತ್ತೇವೆ. ಈ ಸಲ ಇದನ್ನೂ ಕೇಳೋಣ. ಆದರೆ ಒಬ್ಬ ಅಜ್ಜಿಯ ಹೆಸರು ಹೇಳಿದರೆ ಸಾಲದು ಅಂತ ಮೇಷ್ಟ್ರು ಹೇಳಿದ್ದಾರೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಬೆರಳು ಬಾರದ ಅಜ್ಜಿ ತಾತಂದಿರು ಇದ್ದರೆ ಅವರನ್ನು ಕೇಳಿಕೊಂಡು ಬಂದು ಹೆಸರು, ಎಷ್ಟು ತಿಂಗಳು ಅಕ್ಕಿ ತಪ್ಪಿತು ಅನ್ನುವುದನ್ನು ಬರೆಯಿರಿ. ಈ ಹಾಳೆಯ ಕೆಳಗೆ ಗೆರೆ ಎಳೆದು ಜಾಗ ಬಿಟ್ಟಿದ್ದೇನೆ. ಪೆನ್ಸಿಲನ್ನು ದಾರದಲ್ಲಿ ಮೊಳೆಗೆ ಕಟ್ಟಿದ್ದೇನೆ, ದಯವಿಟ್ಟು ಯಾರೂ ಬಿಚ್ಚಿಕೊಂಡು ಹೋಗಬೇಡಿ. ಮೊದಲನೇ ಸಾಲಿನಲ್ಲಿ ಇರುವುದು ನಮ್ಮ ಅಜ್ಜಿಯ ಹೆಸರು. ಅವರೇ ಬಂದು ಬರೆದು ಹೋಗಿದ್ದಾರೆ.

— 10ನೇ ತರಗತಿ ವಿದ್ಯಾರ್ಥಿನಿ