ದಾದಿಯನ್ನು ದೇವತೆ ಮಾಡಿದ್ದು ಸಾಕು

ಪ್ರತಿ ವರ್ಷ ಮೇ 12ರಂದು ನಮ್ಮ ಆಸ್ಪತ್ರೆಗಳಲ್ಲಿ ಒಂದು ವಾಡಿಕೆಯುಂಟು. ಫ್ಲಾರೆನ್ಸ್ ನೈಟಿಂಗೇಲಳ ಜನ್ಮದಿನವೆಂದು ಮೇಣದ ಬತ್ತಿ ಹಚ್ಚುತ್ತಾರೆ. ದಾದಿಯರನ್ನು ತ್ಯಾಗಮಯಿಗಳು, ದೇವತೆಗಳು ಎಂದು ಹೊಗಳುತ್ತಾರೆ. ಕೆಲವೇ ದಿನಗಳಲ್ಲಿ ಅದೇ ದೇವತೆಯನ್ನು ಮಕ್ಕಳ ಕ್ಯಾನ್ಸರ್ ವಿಭಾಗದಿಂದ ಎತ್ತಿ ಮೂಳೆ ವಿಭಾಗಕ್ಕೆ ಹಾಕಲು ಯಾರೂ ಹಿಂಜರಿಯುವುದಿಲ್ಲ. ಪೂಜೆ ಅಗ್ಗ, ಗೌರವ ದುಬಾರಿ. ನಮಗೆ ಅಗ್ಗದ್ದೇ ಒಗ್ಗಿಹೋಗಿದೆ.

ಮಕ್ಕಳ ಕ್ಯಾನ್ಸರ್ ಎಂದೊಡನೆ ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಮಗು ನಮ್ಮ ಕಣ್ಣಿಗೆ ಕಟ್ಟುತ್ತದೆ. ವಾಸ್ತವ ಬೇರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷದ ಚಿಕಿತ್ಸೆ. ಅದರ ಬಹುಪಾಲು ನಡೆಯುವುದು ಹೊರರೋಗಿ ವಿಭಾಗದಲ್ಲಿ ಮತ್ತು ಮನೆಯಲ್ಲಿ. ತೀವ್ರ ಥಲಸ್ಸೇಮಿಯಾ ಇರುವ ಮಗುವಂತೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತಕ್ಕಾಗಿ ಬರಲೇಬೇಕು. ವೈದ್ಯರು ಬರೆದದ್ದನ್ನು ಮಗುವಿನ ಮೈಗೆ ಮುಟ್ಟಿಸುವ ಕೈ ದಾದಿಯದು.

ಆ ಕೈಗೆ ಏನೇನು ತಿಳಿದಿರಬೇಕು? ವಿನ್‌ಕ್ರಿಸ್ಟಿನ್ ಎಂಬ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಕೊಲ್ಲುತ್ತದೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿತೋ, ಸಾವು ಬಹುಮಟ್ಟಿಗೆ ಖಚಿತ. ಅದನ್ನು ಸಿರಿಂಜಿನಲ್ಲಿ ಕೊಡಬೇಡಿ, ಸಣ್ಣ ಚೀಲದಲ್ಲಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿಯೇ ಎಚ್ಚರಿಸಿದೆ. ರಕ್ತ ಏರಿಸಲು ಆರಂಭಿಸಿದ ಮೊದಲ ಹದಿನೈದು ನಿಮಿಷ ಮಗುವಿನಿಂದ ಕಣ್ಣು ತೆಗೆಯುವಂತಿಲ್ಲ. ಬಿಳಿಯ ಕಣಗಳು ಇಳಿದಿರುವ ಮಗು ಜ್ವರದಿಂದ ಬಂದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಮೈ ಸೇರಬೇಕು. ಇದೆಲ್ಲ ಕರುಣೆಯಿಂದ ಬರುವ ವಿದ್ಯೆಯಲ್ಲ, ಅಭ್ಯಾಸದಿಂದ ಬರುವುದು.

ಮಲ್ಲತ್ತಹಳ್ಳಿಯ ಒಂದು ಬಾಡಿಗೆ ಮನೆಯನ್ನು ಊಹಿಸಿಕೊಳ್ಳಿ. ರಾತ್ರಿ ಒಂಬತ್ತಕ್ಕೆ ಮಗುವಿನ ಮೈ ಬಿಸಿಯೇರಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇರುವುದು ಊರಿನ ಇನ್ನೊಂದು ಮಗ್ಗುಲಲ್ಲಿ. ಬೆಳಗಾಗಲಿ ಎಂದು ಕಾಯುವುದೋ, ಆಟೋ ಹಿಡಿಯುವುದೋ? ಆ ತಾಯಿಗೆ ಆಗ ಬೇಕಾದದ್ದು ಫೋನು ಎತ್ತಿ, ಮಗುವಿನ ಹೆಸರು ಕೇಳಿದೊಡನೆ ಕಳೆದ ವಾರದ ರಕ್ತಪರೀಕ್ಷೆಯನ್ನು ನೆನಪಿಸಿಕೊಂಡು, "ಕಾಯಬೇಡಮ್ಮ, ಈಗಲೇ ಹೊರಡು" ಎನ್ನಬಲ್ಲ ಒಬ್ಬ ಸಿಸ್ಟರ್. ಮೊನ್ನೆಯಷ್ಟೇ ವರ್ಗವಾಗಿ ಬಂದವಳು ಎಷ್ಟೇ ಒಳ್ಳೆಯವಳಾಗಿದ್ದರೂ ಇದನ್ನು ಹೇಗೆ ಹೇಳಿಯಾಳು?

ಇದು ನನ್ನೊಬ್ಬನ ಹಠವಲ್ಲ. ಮಕ್ಕಳ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಸಂಘವು ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗಾಗಿ ರೂಪಿಸಿ, 2014ರಲ್ಲಿ ಪ್ರಕಟವಾದ ಶುಶ್ರೂಷಾ ಮಾನದಂಡಗಳಲ್ಲಿ ಸ್ಪಷ್ಟವಾಗಿದೆ: ವಾರ್ಡಿನಲ್ಲಿ ಐದು ಮಕ್ಕಳಿಗೊಬ್ಬ ದಾದಿ, ಕೆಲಸಕ್ಕೆ ಮುನ್ನ ತರಬೇತಿ, ಪಳಗಿದವರನ್ನು ಬೇರೆ ವಿಭಾಗಗಳಿಗೆ ತಿರುಗಿಸಕೂಡದು.

ಆಡಳಿತಗಾರರ ವಾದವೂ ಉಂಟು. ಎಲ್ಲರೂ ಎಲ್ಲ ಕೆಲಸ ಕಲಿಯಬೇಕು. ಒಂದೇ ಕಡೆ ಇದ್ದರೆ ದಣಿದುಹೋಗುತ್ತಾರೆ ಎನ್ನುತ್ತಾರೆ. ದಣಿವು ನಿಜ, ಸಾಯುವ ಮಕ್ಕಳನ್ನು ಕಂಡ ಮನಸ್ಸು ದಣಿಯದಿರುತ್ತದೆಯೇ? ದಣಿದವಳಿಗೆ ರಜೆ ಕೊಡಿ, ಭತ್ಯೆ ಕೊಡಿ, ಜೊತೆಗೆ ಇನ್ನೊಬ್ಬಳನ್ನು ಕೊಡಿ. ದಣಿದಳೆಂದು ಅವಳ ವಿದ್ಯೆಯನ್ನೇ ಕಿತ್ತುಕೊಳ್ಳುವುದು ಯಾವ ಚಿಕಿತ್ಸೆ? ಹೃದ್ರೋಗ ತಜ್ಞರನ್ನು ಆರು ತಿಂಗಳಿಗೊಮ್ಮೆ ಕಣ್ಣಿನ ವಿಭಾಗಕ್ಕೆ ಕಳಿಸುವುದುಂಟೇ?

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಮೂವತ್ತಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಡವಾಗಿ ಪತ್ತೆಯಾಗುವುದು, ಔಷಧದ ಅಭಾವ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇದಕ್ಕೆ ಕಾರಣಗಳು. ಬಾರದೆ ಉಳಿದ ಮಗುವಿನ ಮನೆಗೆ ಫೋನು ಮಾಡಿ, "ಏಕೆ ಬರಲಿಲ್ಲ?" ಎಂದು ಗದರಿಸಿ ಕರೆಸುವ ಪರಿಚಿತ ದನಿಯೊಂದಿದ್ದರೆ, ಅರ್ಧಕ್ಕೆ ಬಿಡುವವರಲ್ಲಿ ಎಷ್ಟೋ ಮಂದಿ ಉಳಿದಾರು.

ತಪ್ಪು ಸರ್ಕಾರದ್ದೊಂದೇ ಅಲ್ಲ. ಪತ್ರಿಕೆ ಓದುವ ನಮ್ಮದೂ ಹೌದು. ನಾವು ಯಂತ್ರಕ್ಕೆ ದಾನ ಕೊಡುತ್ತೇವೆ, ಏಕೆಂದರೆ ಯಂತ್ರದ ಮೇಲೆ ಅಪ್ಪನ ಹೆಸರಿನ ಫಲಕ ಹಾಕಿಸಬಹುದು. ದಾದಿಯ ಹತ್ತು ವರ್ಷದ ಅನುಭವಕ್ಕೆ ಫಲಕ ಹೊಡೆಯಲು ಬರುವುದಿಲ್ಲ. ಮುಂದಿನ ಸಲ ಚೆಕ್ಕು ಬರೆಯುವ ಮುನ್ನ ಆಸ್ಪತ್ರೆಯವರನ್ನು ಒಂದೇ ಮಾತು ಕೇಳಿ: ಈ ಮಕ್ಕಳ ವಿಭಾಗದ ಸಿಸ್ಟರ್ ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು? ಉತ್ತರ ತಿಂಗಳುಗಳಲ್ಲಿ ಬಂದರೆ, ಆ ಹಣ ಅವಳನ್ನು ಅಲ್ಲಿಯೇ ಉಳಿಸಿಕೊಳ್ಳಲು ಎಂದು ಬರೆದು ಕೊಡಿ.